ಮಾವನ ಎದುರಿಗೆ ಬಿಯರ್

ಮಿಲಾನ್‌ನಲ್ಲಿ ನನ್ನ ತಂಗಿ ಮಗ ಓದುತ್ತಿದ್ದಾನೆ. ಪಾಲಿಟೆಕ್ನಿಕೊ ಅನ್ನುವ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ, ಎರಡನೇ ವರ್ಷ. "ಮಾವ, ನಾನು ಇಲ್ಲಿರೋವಾಗ್ಲೇ ಅತ್ತೇನ ಕರ್ಕೊಂಡು ಬಂದ್ಬಿಡಿ. ಆಮೇಲೆ ನಾನು ಎಲ್ಲಿರ್ತೀನೋ ಏನೋ" ಅಂತ ಫೋನ್ ಮಾಡಿದಾಗಲೆಲ್ಲ ಹೇಳುತ್ತಿದ್ದ. ಅಂತೂ ಕಳೆದ ಅಕ್ಟೋಬರ್‌ನಲ್ಲಿ ಹೊರಟೆವು. ಹನ್ನೊಂದು ದಿನ. ಮಿಲಾನ್, ರೋಮ್, ನೇಪಲ್ಸ್. ಚರ್ಚು, ಮೂರ್ತಿ, ಕಲ್ಲಿನ ಕಂಬಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳುವುದು ಪಿಜ್ಜಾ ಮತ್ತು ಬಿಯರ್ ವಿಷಯ.

ಮೊದಲ ದಿನವೇ ಪೆಟ್ಟು ತಿಂದೆವು. ಸಂಜೆ ಆರಕ್ಕೆ ಹೊಟ್ಟೆ ಚುರುಗುಟ್ಟಲು ಶುರುವಾಯಿತು. ವಿಮಾನದಲ್ಲಿ ಕೊಟ್ಟಿದ್ದನ್ನು ನನ್ನ ಹೆಂಡತಿ ಮುಟ್ಟಿರಲಿಲ್ಲ. ಹೋದ ಪಿಜ್ಜಾ ಅಂಗಡಿಯಲ್ಲೆಲ್ಲ ಕುರ್ಚಿ ತಲೆಕೆಳಗಾಗಿ ಮೇಜಿನ ಮೇಲೆ ಕೂತಿದ್ದವು. ಏಳೂವರೆಗೆ ಮುಂಚೆ ಒಲೆ ಹಚ್ಚುವುದಿಲ್ಲವಂತೆ. "ಇದೇನ್ರೀ, ಹೋಟೆಲ್ ಇಟ್ಕೊಂಡು ಊಟದ ಹೊತ್ತಿಗೆ ಬಾಗಿಲು ಹಾಕ್ಕೊಂಡಿರ್ತಾರೆ?" ಅಂದಳು. ನಮ್ಮ ಟಿಫಿನ್ ಹೊತ್ತು ಅವರಿಗೆ ಊಟದ ಹೊತ್ತು ಯಾಕಾಗಬೇಕು, ಅಲ್ವಾ? ಆದರೆ ಹಸಿದವರಿಗೆ ಇದು ಹೊಳೆಯುವುದಿಲ್ಲ.

ಅಲ್ಲಿಯವರೆಗೆ ಕೂತಿರೋಣ ಅಂತ ಹುಡುಗ ಒಂದು ಪಬ್‌ಗೆ ಕರೆದುಕೊಂಡು ಹೋದ. ಅವನ ಕಾಲೇಜಿನ ಕಡೆಯೇ, ಲಾಂಬ್ರಾಟೆ ಅನ್ನುವ ಬಡಾವಣೆ. ಬಿರ್ರಿಫಿಚೊ ಲಾಂಬ್ರಾಟೆ ಅಂತ ಅದೇ ಹೆಸರಿನ ಬ್ರೂವರಿ, 1996ರಿಂದ ಇದೆ.

ಹೆಸರು ಕೇಳಿದ ಕೂಡಲೇ ನನಗೆ ಎಲ್ಲೋ ಏನೋ ತಟ್ಟಿತು. ಲಾಂಬ್ರಾಟೆ, ಲಾಂಬ್ರೆಟ್ಟಾ. ಹೌದು, ಅದೇ. ಲಾಂಬ್ರೆಟ್ಟಾ ಸ್ಕೂಟರ್ ಹುಟ್ಟಿದ್ದು ಈ ಬಡಾವಣೆಯಲ್ಲಿ. ಪಕ್ಕದಲ್ಲಿ ಹರಿಯುವ ಲಾಂಬ್ರೊ ನದಿಯಿಂದ ಬಂದ ಹೆಸರು. ಆಮೇಲೆ ಲಕ್ನೋದ ಸ್ಕೂಟರ್ಸ್ ಇಂಡಿಯಾ ಈ ಕಾರ್ಖಾನೆಯ ಯಂತ್ರಗಳನ್ನೇ ಕೊಂಡು ತಂದು ವಿಜಯ್ ಸೂಪರ್ ಮಾಡಿತು. ನಮ್ಮಪ್ಪನ ಹತ್ತಿರ ಇದ್ದದ್ದು ಅದೇ ಗಾಡಿ. ತಿಪಟೂರಿನ ಸಂತೆಗೆ ಹೋಗುವಾಗ ಹಿಂದೆ ನಾನು, ಮುಂದೆ ಹ್ಯಾಂಡಲ್ ಹಿಡಿದು ನಿಂತುಕೊಂಡು ಇವನ ಅಮ್ಮ. ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಎರಡು ವರ್ಷದಿಂದ ಅದೇ ಸ್ಟೇಷನ್‌ನಲ್ಲಿ ಇಳಿದು ಹತ್ತುತ್ತಿದ್ದಾನೆ, ಗೊತ್ತೇ ಇರಲಿಲ್ಲ.

ನಾನು ಇಟಲಿ ಅಂದರೆ ವೈನ್ ಅಂದುಕೊಂಡು ಹೋದವನು. ಪಿಜ್ಜಾ ಜೊತೆ ಒಳ್ಳೇ ಕೆಂಪು ವೈನ್ ತೊಗೊಳ್ಳೋಣ ಅಂದೆ. ಹುಡುಗ ನಕ್ಕ. "ಮಾವ, ಪಿಜ್ಜಾ ಜೊತೆ ಇಲ್ಲಿ ವೈನ್ ಕುಡಿಯೋರು ಕಮ್ಮಿ. ಪಿಜ್ಜಾ ಎ ಬಿರ್ರಾ ಅಂತಾನೇ ಹೇಳ್ತಾರೆ, ಒಂದೇ ಉಸಿರಲ್ಲಿ." ಅಷ್ಟು ಹೇಳಿ ತಕ್ಷಣ ಮುಖ ಕೆಂಪಗೆ ಮಾಡಿಕೊಂಡ. ಇದೆಲ್ಲ ನಿನಗೆ ಹೇಗೆ ಗೊತ್ತು ಅಂತ ನಾನೂ ಕೇಳಲಿಲ್ಲ, ಅವಳೂ ಕೇಳಲಿಲ್ಲ.

ಆರ್ಡರ್ ಮಾಡುವಾಗ ಅವನು ತನಗೆ ಚಿನೊಟ್ಟೊ ಹೇಳಿದ. ಅದು ಕಿತ್ತಳೆ ಜಾತಿಯ ಒಂದು ಕಹಿ ಹಣ್ಣಿನ ಸೋಡಾ, ನೋಡಲು ಕೋಲಾ ಥರ ಕಪ್ಪಗಿರುತ್ತದೆ. ಗ್ಲಾಸ್ ಮೇಲೆ ಕಣ್ಣಿಟ್ಟು ಕೂತಿದ್ದ. ಅವನ ಕಷ್ಟ ನನಗೆ ಅರ್ಥವಾಯಿತು. ನಾನೂ ನಮ್ಮ ಸೋದರಮಾವನ ಎದುರು ಸೋಡಾ ಕುಡಿದುಕೊಂಡೇ ಮೂವತ್ತು ದಾಟಿದವನು.

ನನಗೆ ಎರಡು ಸಣ್ಣ ಗ್ಲಾಸ್ ಬಂತು. ಒಂದು ಮೊಂತೆಸ್ತೆಲ್ಲಾ, ಹೊಂಬಣ್ಣದ್ದು. ಮಹಾಯುದ್ಧದಲ್ಲಿ ಬಾಂಬ್ ಬಿದ್ದು ಉರುಳಿದ ಮನೆಗಳ ಇಟ್ಟಿಗೆ, ಗಾರೆಯನ್ನೆಲ್ಲ ಗುಡ್ಡೆ ಹಾಕಿ ಮಿಲಾನ್‌ನವರು ಮಾಡಿಕೊಂಡ ಒಂದು ಬೆಟ್ಟದ ಹೆಸರು ಅದು. ಈಗ ಅದರ ಮೇಲೆ ಮರ ಬೆಳೆದಿವೆ, ಜನ ವಾಕಿಂಗ್ ಹೋಗುತ್ತಾರೆ. ಇನ್ನೊಂದು ಗೀಸಾ. ಕಪ್ಪು ಬಿಯರ್. ಗೀಸಾ ಅಂದರೆ ಎರಕದ ಕಬ್ಬಿಣ. ಆ ಊರಿನ ಭಾಷೆಯಲ್ಲಿ ಟ್ರಾಫಿಕ್ ಪೊಲೀಸಿಗೂ ಹಾಗೇ ಅಡ್ಡಹೆಸರು. ಮೂಗಿನ ಹತ್ತಿರ ಹಿಡಿದರೆ ಹೊಗೆ ವಾಸನೆ. ಮಾಲ್ಟನ್ನು, ಅಂದರೆ ಮೊಳಕೆ ಬರಿಸಿದ ಬಾರ್ಲಿಯನ್ನು, ಹೊಗೆಯಲ್ಲಿ ಒಣಗಿಸುವುದರಿಂದ ಬರುವ ವಾಸನೆ ಇದು. ನನಗೆ ಬಂದದ್ದು ಮಾತ್ರ ನಮ್ಮಜ್ಜಿ ಮನೆಯ ಬಚ್ಚಲ ಒಲೆಯ ನೆನಪು. ತೆಂಗಿನ ಮಟ್ಟೆ ತುರುಕಿ ಹಂಡೆ ನೀರು ಕಾಯಿಸುತ್ತಿದ್ದರಲ್ಲ, ಅದೇ ಹೊಗೆ. ಒಂದು ಗುಟುಕು ಕುಡಿದು ಹೆಂಡತಿ ಕಡೆ ಗ್ಲಾಸ್ ಚಾಚಿದೆ. "ಸುಮ್ನೆ ವಾಸನೆ ನೋಡು." ನೋಡಿದಳು. "ಎಣ್ಣೆ ಸ್ನಾನ" ಅಂದಳು. ಅವಳ ಊರೂ ತೆಂಗಿನ ಸೀಮೆಯೇ.

ಅಲ್ಲಿಂದ ರೈಲಿನಲ್ಲಿ ರೋಮ್‌ಗೆ. ಶುಕ್ರವಾರ ಕ್ಲಾಸ್ ಮುಗಿಸಿ ಬರುತ್ತೇನೆ ಅಂತ ಹುಡುಗ ಹೇಳಿದ್ದ, ಹಾಗಾಗಿ ಎರಡು ದಿನ ನಾವಿಬ್ಬರೇ. ಆ ಎರಡು ದಿನದಲ್ಲಿ ಒಂದು ಕೆಟ್ಟ ಪಿಜ್ಜಾ ತಿಂದೆವು. ತಪ್ಪು ನನ್ನದೇ. ಹಳೇ ಕಟ್ಟಡಗಳು ಕಾಣುವ ಕಡೆ ಮೇಜು ಹಾಕಿದ್ದ ಹೋಟೆಲ್, ಬಾಗಿಲಲ್ಲಿ ನಿಂತು ಕೈ ಹಿಡಿದು ಕರೆಯುವ ಮನುಷ್ಯ, ಮೆನುವಿನಲ್ಲಿ ಫೋಟೊ. ಈ ಮೂರೂ ಒಟ್ಟಿಗೆ ಇದ್ದ ಕಡೆ ಕೂರಬಾರದು ಅಂತ ಈಗ ಗೊತ್ತು. ಮೈಸೂರಿನಲ್ಲಿ ಅರಮನೆ ಎದುರು ತಿಂಡಿ ತಿನ್ನಬಾರದು ಅಂತ ನಮಗೆ ಯಾರಾದರೂ ಹೇಳಿಕೊಡಬೇಕೇ? ಪರಊರಲ್ಲಿ ಬುದ್ಧಿ ಕೈಕೊಡುತ್ತದೆ.

ಮೆನುವಿನಲ್ಲಿ 'ಪೆಪೆರೋನಿ' ಅಂತ ನೋಡಿ ಹೆಂಡತಿ ಪುಸ್ತಕ ಮುಚ್ಚಿಟ್ಟಳು. ನಮ್ಮ ಕಡೆ ಪೆಪೆರೋನಿ ಅಂದರೆ ಮಾಂಸ ತಾನೇ. ಇಲ್ಲಿ ಅದು ದಪ್ಪ ಮೆಣಸಿನಕಾಯಿ, ಕ್ಯಾಪ್ಸಿಕಂ. ಆ ಥರದ ಮಾಂಸ ಇರುವುದು 'ಡಿಯಾವೊಲಾ' ಅನ್ನುವುದರಲ್ಲಿ. ಇನ್ನು ನಾನು ಫೋನಿನಲ್ಲಿ 'ಬಿರ್ರಾ ಅಲ್ಲಾ ಸ್ಪೀನಾ' ಅನ್ನುವುದನ್ನು ಕನ್ನಡಕ್ಕೆ ಮಾಡಿಸಿದೆ. 'ಮುಳ್ಳಿನ ಬಿಯರ್' ಅಂತ ಬಂತು. ಸ್ಪೀನಾ ಅಂದರೆ ಮುಳ್ಳು ನಿಜ, ಆದರೆ ಪೀಪಾಯಿಯ ನಲ್ಲಿಗೂ ಅದೇ ಮಾತು. ನಲ್ಲಿ ಬಿಯರ್, ಅಷ್ಟೇ. ಬಿಲ್ಲಿನಲ್ಲಿ 'ಕೊಪೆರ್ತೊ' ಅಂತ ತಲೆಗೆ ಎರಡು ಯೂರೊ ಹಾಕಿದ್ದರು. ನಾನು ಮೂವತ್ತು ವರ್ಷದಿಂದ ಬೇರೆಯವರ ಲೆಕ್ಕ ಆಡಿಟ್ ಮಾಡಿಕೊಂಡು ಬಂದವನು, ಬಿಲ್ ನೋಡದೆ ಏಳುವುದಿಲ್ಲ. ಅದು ಕೂತಿದ್ದಕ್ಕೆ, ಬ್ರೆಡ್ಡಿಗೆ, ಮೇಜಿಗೆ. ಇಟಲಿಯ ಬಹಳ ಕಡೆ ಇರುವ ಪದ್ಧತಿ, ಮೆನುವಿನಲ್ಲೇ ಬರೆದಿರುತ್ತಾರೆ. ಜಗಳ ಆಡಿ ಪ್ರಯೋಜನ ಇಲ್ಲ. ಸ್ವಲ್ಪ ಆಡಿದೆ.

ಮಾರನೇ ದಿನದಿಂದ ನಮ್ಮ ಕೈ ಹಿಡಿದದ್ದು ಪಿಜ್ಜಾ ಅಲ್ ತಾಲ್ಯೊ. ರೋಮ್‌ನ ಬೀದಿ ಬೀದಿಯಲ್ಲೂ ಇದೆ. ಉದ್ದನೆಯ ತಟ್ಟೆಯಲ್ಲಿ ಬೇಯಿಸಿಟ್ಟಿರುತ್ತಾರೆ. ಇಷ್ಟು ಅಂತ ಬೆರಳಲ್ಲಿ ಅಳತೆ ತೋರಿಸಿದರೆ ಕತ್ತರಿಯಲ್ಲಿ ಕತ್ತರಿಸಿ, ತೂಕ ಹಾಕಿ ಕೊಡುತ್ತಾರೆ. ಬಟ್ಟೆ ಅಂಗಡಿಯಲ್ಲಿ ಬ್ಲೌಸ್ ಪೀಸ್ ಕೇಳಿದ ಹಾಗೆ. ಆಲೂಗಡ್ಡೆ ಹಾಕಿದ್ದು ಹೆಂಡತಿಗೆ ಬಹಳ ಇಷ್ಟವಾಯಿತು. ತೆಳ್ಳಗೆ ಹೆಚ್ಚಿದ ಆಲೂಗಡ್ಡೆ, ರೋಸ್‌ಮೇರಿ ಎಲೆ, ಎಣ್ಣೆ, ಉಪ್ಪು. ಟೊಮೆಟೊ ಇಲ್ಲ. ಮೂರು ದಿನ ಮಧ್ಯಾಹ್ನ ಅದೇ.

ಶುಕ್ರವಾರ ರಾತ್ರಿ ಹುಡುಗ ಬಂದ. ನಮ್ಮನ್ನು ತ್ರಾಸ್ತೆವೆರೆ ಕಡೆ ಕರೆದುಕೊಂಡು ಹೋದ. ಪೊಂತೆ ಸಿಸ್ತೊ ಸೇತುವೆ ದಾಟಿ, ಬಲಕ್ಕೆ ತಿರುಗಿದರೆ ವಿಯಾ ಬೆನೆದೆತ್ತಾ ಅನ್ನುವ ಗಲ್ಲಿ. ಅಲ್ಲೊಂದು ಪಬ್, ನಮ್ಮ ಕಡೆಯ ಎಸ್‌ಟಿಡಿ ಬೂತ್‌ಗಿಂತ ಸ್ವಲ್ಪ ದೊಡ್ಡದು. ಹೆಸರು 'ಮಾ ಕೆ ಸಿಯೆತೆ ವೆನೂತಿ ಆ ಫಾ'. "ಏನ್ ಮಾಡಕ್ ಬಂದ್ರೋ ಇಲ್ಲಿಗೆ?" ಅಂತ ಅರ್ಥ. ಫುಟ್‌ಬಾಲ್ ಮೈದಾನದಲ್ಲಿ ಎದುರು ತಂಡದವರನ್ನು ರೇಗಿಸಿ ಹಾಡುವ ಸಾಲಂತೆ. 2001ರಲ್ಲಿ ಶುರುವಾಗಿದ್ದು. ಒಳಗೆ ಕೂರಲು ಜಾಗವಿಲ್ಲ. ಜನ ಗ್ಲಾಸ್ ಹಿಡಿದು ಗಲ್ಲಿಯಲ್ಲೇ ನಿಂತಿದ್ದರು. ಎದುರಿಗೇ ಪಿಜ್ಜಾ ಮಾಡುವ ಒಂದು ಜಾಗ.

ಅಲ್ಲಿ ಕುಡಿದದ್ದು ತಿಪೊಪಿಲ್ಸ್. ಈ ಪ್ರವಾಸದಲ್ಲಿ ಒಂದೇ ಬಿಯರ್ ಹೆಸರು ನೆನಪಿಟ್ಟುಕೋ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ. ಕೊಮೊ ಸರೋವರದ ಜಿಲ್ಲೆಯ ಲುರಾಗೊ ಮರಿನೋನೆ ಅನ್ನುವ ಹಳ್ಳಿಯಲ್ಲಿ ಹುಟ್ಟಿದ ಬಿರ್ರಿಫಿಚೊ ಇತಾಲಿಯಾನೊದವರು ಮಾಡುತ್ತಾರೆ. ಅದೂ 1996ರಲ್ಲಿ ಶುರುವಾಗಿದ್ದೇ. ಪಿಲ್ಸ್‌ನರ್ ಅನ್ನುವ ತಿಳಿ ಹೊಂಬಣ್ಣದ ಬಿಯರ್ ಅಂದರೆ ಜರ್ಮನಿ, ಚೆಕ್‌ನವರ ಸ್ವತ್ತು. ಇವರು ಮಾಡಿದ್ದು ಏನಪ್ಪ ಅಂದರೆ, ಬಿಯರ್ ಹುದುಗಿದ ಮೇಲೆ ತಣ್ಣಗಿರುವಾಗ ಮತ್ತೊಂದು ಸಲ ಹಾಪ್ಸ್, ಅಂದರೆ ಬಿಯರ್‌ಗೆ ಕಹಿ, ಘಮ ಕೊಡುವ ಹೂವು, ಹಾಕಿದರು. ಒಗ್ಗರಣೆ ಕೊಟ್ಟ ಹಾಗೆ ಅನ್ನೋಣ, ಬಿಸಿಯಿಲ್ಲದ ಒಗ್ಗರಣೆ. ಕಹಿ ಜಾಸ್ತಿ ಆಗುವುದಿಲ್ಲ, ಘಮ ಏಳುತ್ತದೆ. ಈಗ ಅಮೆರಿಕದವರು ಇದನ್ನು ನೋಡಿ 'ಇಟಾಲಿಯನ್ ಪಿಲ್ಸ್‌ನರ್' ಅಂತ ತಾವೂ ಮಾಡುತ್ತಾರೆ.

ಮಂಜು ಕಟ್ಟಿದ ಗ್ಲಾಸ್ ಅಲ್ಲ, ಸಾಧಾರಣ ತಂಪು. ಮೇಲೆ ಎರಡು ಬೆರಳು ನೊರೆ. ಬಣ್ಣ ಸ್ವಲ್ಪ ಮಬ್ಬು. ಮೊದಲು ಹುಲ್ಲು ಕೊಯ್ದ ವಾಸನೆ, ಆಮೇಲೆ ಬಾಯಲ್ಲಿ ಬಿಸ್ಕತ್ತಿನ ಸಿಹಿ ಒಂದು ಕ್ಷಣ, ಕೊನೆಗೆ ನಾಲಿಗೆ ಒಣಗಿಸುವ ಕಹಿ. ಆ ಕಹಿಗೆ ಇನ್ನೊಂದು ಗುಟುಕು ಬೇಕು ಅನ್ನಿಸುತ್ತದೆ. ಇನ್ನೊಂದು ಗುಟುಕಿಗೆ ಇನ್ನೊಂದು ತುಂಡು ಪಿಜ್ಜಾ ಬೇಕು ಅನ್ನಿಸುತ್ತದೆ. ಗಿಣ್ಣು ಅಂದರೆ ಚೀಸು, ಜೊತೆಗೆ ಎಣ್ಣೆ ನಾಲಿಗೆ ಮೇಲೆ ಕೂತಿರುತ್ತದಲ್ಲ, ಅದನ್ನು ಈ ಗುಳ್ಳೆ ಮತ್ತು ಕಹಿ ಸೇರಿ ಗುಡಿಸಿ ಹಾಕುತ್ತವೆ. ಟೊಮೆಟೊ ಹುಳಿ ಜೊತೆ ಕೆಂಪು ವೈನಿನ ಒಗರು ಯಾಕೆ ಜಗಳ ಆಡುತ್ತದೆ ಅನ್ನುವುದೂ ಆಗ ತಿಳಿಯಿತು. ಪಿಜ್ಜಾ ಹಿಟ್ಟು ಉಬ್ಬಿಸುವ ಯೀಸ್ಟೂ, ಎಷ್ಟೋ ಬಿಯರ್ ಹುದುಗಿಸುವ ಯೀಸ್ಟೂ ಒಂದೇ ಜಾತಿ. ಒಂದೇ ಮನೆಯವು ಜೊತೆಗೆ ಕೂರುವುದರಲ್ಲಿ ಆಶ್ಚರ್ಯ ಏನು?

ಹುಡುಗ ಚಿನೊಟ್ಟೊ ತರಲು ಒಳಗೆ ಹೋಗುತ್ತಿದ್ದ. ಕರೆದೆ. "ಲೋ, ನಿನ್ನ ಸಂಕೋಚ ಸಾಕು. ಒಂದು ಮೀಡಿಯಾ ತೊಗೊ." ಮೀಡಿಯಾ ಅಂದರೆ 40 ಸೆಂಟಿಲೀಟರ್ ಗ್ಲಾಸ್. ಅವನು ಅತ್ತೆ ಮುಖ ನೋಡಿದ. ಅವಳು ಪಿಜ್ಜಾ ನೋಡುತ್ತಿದ್ದಳು. "ಅಮ್ಮಂಗೆ ಹೇಳ್ಬೇಡಿ ಮಾವ" ಅಂದು ಓಡಿ ಹೋಗಿ ತಂದ. ಆಮೇಲೆ ನೋಡಿ, ಮಾತೇ ಮಾತು! ಎರಡು ವರ್ಷದಲ್ಲಿ ನನ್ನ ಹತ್ತಿರ ಆಡದ ಮಾತೆಲ್ಲ ಆ ಗಲ್ಲಿಯಲ್ಲಿ ನಿಂತು ಆಡಿದ. ಮೊದಲ ಚಳಿಗಾಲದಲ್ಲಿ ಅತ್ತದ್ದು, ಒಂದು ಸಬ್ಜೆಕ್ಟ್ ಎರಡು ಸಲ ಹೋದದ್ದು, ವಾಪಸ್ ಬರಬೇಕೋ ಬೇಡವೋ ಅನ್ನುವ ಗೊಂದಲ. ನಾನು ಏನೂ ಸಲಹೆ ಕೊಡಲಿಲ್ಲ. ಸುಮ್ನೆ ಹೂಂಗುಟ್ಟಿದೆ.

ಇವರ ಬಿಯರ್ ಕಥೆಯನ್ನೂ ಅವನೇ ಹೇಳಿದ. ಜರ್ಮನಿಯಲ್ಲಿ 1516ರ ಬವೇರಿಯಾದ ಕಟ್ಟಳೆ ಇದೆ: ಬಾರ್ಲಿ, ಹಾಪ್ಸ್, ನೀರು, ಅಷ್ಟೇ. ಇಟಲಿಯಲ್ಲಿ ಅಂಥ ಅಜ್ಜನ ಮಾತು ಯಾವುದೂ ಇಲ್ಲ. ಅಜ್ಜಂದಿರೆಲ್ಲ ವೈನ್ ಮಾಡುತ್ತಿದ್ದರು. ಹಾಗಾಗಿ 90ರ ದಶಕದಲ್ಲಿ ಬಿಯರ್‌ಗೆ ಇಳಿದ ಹುಡುಗರಿಗೆ ಬೈಯುವವರು ಯಾರೂ ಇರಲಿಲ್ಲ. ಚೆಸ್ಟ್‌ನಟ್ ಹಾಕಿದರು, ದ್ರಾಕ್ಷಿ ರಸ ಹಾಕಿದರು. ದ್ರಾಕ್ಷಿ ರಸದ್ದಕ್ಕೆ ಇಟಾಲಿಯನ್ ಗ್ರೇಪ್ ಏಲ್ ಅಂತ ಹೆಸರೂ ಬಂತು. 2016ರಲ್ಲಿ ಸರ್ಕಾರ ಕಾನೂನು ಮಾಡಿ 'ಬಿರ್ರಾ ಅರ್ತಿಜಾನಾಲೆ', ನಮ್ಮ ಕಡೆ ಕ್ರಾಫ್ಟ್ ಬಿಯರ್ ಅನ್ನುತ್ತಾರಲ್ಲ ಅದು, ಅಂದರೆ ಯಾವುದು ಅಂತ ಬರೆದಿಟ್ಟಿತು: ಬ್ರೂವರಿ ಸ್ವತಂತ್ರವಾಗಿರಬೇಕು, ಬಿಯರನ್ನು ಪಾಶ್ಚರೈಸ್ ಮಾಡಬಾರದು, ಸೂಕ್ಷ್ಮವಾಗಿ ಸೋಸಬಾರದು, ವರ್ಷಕ್ಕೆ 2 ಲಕ್ಷ ಹೆಕ್ಟೊಲೀಟರ್ ದಾಟಬಾರದು. ನಾನು ಅಲ್ಲೇ ಲೆಕ್ಕ ಹಾಕಿದೆ. 2 ಕೋಟಿ ಲೀಟರ್. ಇಷ್ಟು ಮಾಡುವವನು ಸಣ್ಣವನಾದರೆ ದೊಡ್ಡವನು ಯಾರಪ್ಪ?

ಮಾರನೇ ದಿನ ಕಾಂಪೊ ದೆ ಫಿಯೋರಿ ಹತ್ತಿರದ ಪಬ್, ಓಪನ್ ಬಲಾಡಿನ್‌ಗೆ ಹೋದೆವು. ಗೋಡೆ ತುಂಬ ಬಾಟಲಿ, ಸಾಲಾಗಿ ನಲ್ಲಿಗಳು. ಬಲಾಡಿನ್‌ನ ತೆಯೊ ಮೂಸ್ಸೊ ಪಿಯೆಮೊಂತೆ ಕಡೆಯ ಪಿಯೊಜ್ಜೊ ಅನ್ನುವ ಹಳ್ಳಿಯವನು. 1986ರಲ್ಲಿ ಪಬ್ ಇಟ್ಟು, 1996ರಲ್ಲಿ ಬಿಯರ್ ಮಾಡಲು ಕೂತ. ವೈನ್ ಬಾಟಲಿ ಥರದ 75 ಸೆಂಟಿಲೀಟರ್ ಬಾಟಲಿಯಲ್ಲಿ ತುಂಬಿ ಊಟದ ಮೇಜಿನ ಮೇಲೆ ಬಿಯರ್ ಕೂರಿಸಿದವನು. ಅವನ 'ಇಸಾಕ್' ಕುಡಿದೆ. ಗೋಧಿ ಬಿಯರ್, ಕಿತ್ತಳೆ ಸಿಪ್ಪೆ ಮತ್ತು ಕೊತ್ತಂಬರಿ ಬೀಜ ಹಾಕಿದ್ದು. "ಧನಿಯಾನಾ?" ಅಂತ ಹೆಂಡತಿ ಎರಡು ಸಲ ಕೇಳಿದಳು. ಸಾರಿನ ಪುಡಿಗೆ ಹಾಕುವ ಸಾಮಾನು ಇವರ ಬಿಯರ್‌ನಲ್ಲಿದೆ ಅನ್ನುವುದು ಅವಳಿಗೆ ವ್ಯಾಟಿಕನ್‌ಗಿಂತ ದೊಡ್ಡ ಸುದ್ದಿ. ಚೆನ್ನಾಗಿತ್ತು. ಪಿಜ್ಜಾ ಜೊತೆ ಮಾತ್ರ ನಾನು ಮತ್ತೆ ಪಿಲ್ಸ್‌ನರೇ ಕೇಳಿದೆ. ಘಮಘಮ ಬಿಯರ್‌ಗಳು ಒಂಟಿಯಾಗಿ ಕೂತು ಕುಡಿಯುವುದಕ್ಕೆ. ಪಿಜ್ಜಾ ಪಕ್ಕದಲ್ಲಿ ಅವು ಮದುವೆ ಮನೆಯಲ್ಲಿ ಜಾಸ್ತಿ ಮಾತಾಡುವ ನೆಂಟರ ಹಾಗೆ.

ಅಲ್ಲೇ ಹುಡುಗ ಬಾಯ್ತಪ್ಪಿ ಇನ್ನೊಂದು ಸತ್ಯ ಹೇಳಿದ. ಪಾರ್ಮಿಜಾನೊ ಗಿಣ್ಣಿಗೂ, ಎಮ್ಮೆ ಹಾಲಿನ ಮೊಜರೆಲ್ಲಾಗೂ ಹಾಲು ಒಡೆಯಲು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ವಸ್ತು. ಹೆಂಡತಿ ಚಾಕು ಕೆಳಗಿಟ್ಟಳು. ಏನೂ ಮಾತಾಡಲಿಲ್ಲ. ಅವನು ಪಾಪ, ನೆಲ ಬಾಯಿಬಿಡಬಾರದೇ ಅನ್ನುವ ಹಾಗೆ ಕೂತ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಕೇಳಿದಳು: "ಗಿಣ್ಣೇ ಇಲ್ದಿರೋದು ಯಾವ್ದಾದ್ರೂ ಇದ್ಯೇನೋ?" ಇದೆ. ಮರಿನಾರಾ. ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಆಲಿವ್ ಎಣ್ಣೆ. ಮೀನಿನ ಹೆಸರು ಥರ ಕೇಳಿಸಿದರೂ ಮೀನಿಲ್ಲ.

ಭಾನುವಾರ ಅವನು ಮಿಲಾನ್‌ಗೆ, ನಾವು ನೇಪಲ್ಸ್‌ಗೆ. ಸ್ಟೇಷನ್‌ನಲ್ಲಿ ಒಂದು ಉದ್ದನೆಯ ಡಬ್ಬಿ ಕೈಗಿಟ್ಟ. ಬಲಾಡಿನ್‌ನವರ ಬಾರ್ಲಿ ವೈನ್, ಹೆಸರು ವೈನ್ ಆದರೂ ಬಿಯರೇ. ಬೇಕೆಂದೇ ಗಾಳಿ ತಾಗಿಸಿ ಹಳತು ಮಾಡಿದ್ದು, ನೊರೆಯಿಲ್ಲ, ಗುಳ್ಳೆಯಿಲ್ಲ, 14 ಪರ್ಸೆಂಟ್ ಆಸುಪಾಸು. ಪಾರ್ಟ್‌ಟೈಮ್ ಕೆಲಸದ ದುಡ್ಡಿನಲ್ಲಿ ತಂದಿದ್ದ. ಬೈದೆ, ತೊಗೊಂಡೆ.

ನೇಪಲ್ಸ್ ನಮ್ಮ ಊರು ಕಣ್ರೀ. ಹಾರ್ನು, ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆ, ಗೋಡೆಯೊಳಗೆ ದೇವರ ಗೂಡು, ಸ್ಕೂಟರ್ ಮೇಲೆ ಮೂರು ಜನ. ಹೆಂಡತಿ ಮೊದಲ ಬಾರಿಗೆ ನನ್ನ ಕೈ ಬಿಟ್ಟು ರಸ್ತೆ ದಾಟಿದಳು. ವಿಯಾ ದೆಯಿ ತ್ರಿಬುನಾಲಿ ಅನ್ನುವ ಓಣಿಯಲ್ಲಿ ಹೆಜ್ಜೆಗೊಂದು ಪಿಜ್ಜಾ ಅಂಗಡಿ. ದೊಡ್ಡ ಹೆಸರಿನವುಗಳ ಮುಂದೆ ಗಂಟೆಗಟ್ಟಲೆ ಜನ ನಿಂತಿದ್ದರು. ನಾವು ಕ್ಯೂ ಇಲ್ಲದ ಒಂದು ಸಣ್ಣ ಅಂಗಡಿಗೆ ನುಗ್ಗಿದೆವು. ಕೂತ ಜಾಗದಿಂದ ಒಲೆ ಕಾಣುತ್ತಿತ್ತು.

ಆ ಮನುಷ್ಯ ಉಂಡೆ ತೊಗೊಂಡು ಬೆರಳ ತುದಿಯಲ್ಲಿ ನಡುವಿನಿಂದ ಅಂಚಿಗೆ ಒತ್ತುತ್ತಾ ಹೋಗುತ್ತಾನೆ, ಗಾಳಿಯನ್ನೆಲ್ಲ ಅಂಚಿಗೆ ಅಟ್ಟುವ ಹಾಗೆ. ಲಟ್ಟಣಿಗೆ ಮುಟ್ಟುವುದಿಲ್ಲ. ಆಮೇಲೆ ಒಂದು ಕೈಯಿಂದ ಇನ್ನೊಂದು ಕೈಗೆ ಪಟಪಟ ಬಡಿಯುತ್ತಾನೆ. ಸೌಟಿನ ಹಿಂಬದಿಯಲ್ಲಿ ಟೊಮೆಟೊ ಸುತ್ತಿ ಹಚ್ಚುತ್ತಾನೆ. ದೋಸೆಗೆ ಕೆಂಪು ಚಟ್ನಿ ಹಚ್ಚುವ ಕೈಯೇ. ಬೆಳ್ಳುಳ್ಳಿ, ಒರೆಗಾನೊ, ಉದ್ದ ಮೂತಿಯ ತಾಮ್ರದ ಗಿಂಡಿಯಿಂದ ಎಣ್ಣೆ. ಒಲೆಗೆ ಹೋದ ಕೂಡಲೇ ನಾನು ಫೋನಿನಲ್ಲಿ ಸೆಕೆಂಡ್ ಎಣಿಸಲು ಶುರು ಮಾಡಿದೆ. 1984ರಲ್ಲಿ ಶುರುವಾದ ಇವರ ಪಿಜ್ಜಾ ಸಂಘದ ನಿಯಮದಲ್ಲಿ 60ರಿಂದ 90 ಸೆಕೆಂಡ್ ಅಂತಿದೆ. ಒಲೆ 400 ಡಿಗ್ರಿ ದಾಟಿರುತ್ತದೆ. ಎಪ್ಪತ್ತಾರಕ್ಕೆ ಹೊರಗೆ ಬಂತು. ಕುಕ್ಕರ್ ಒಂದು ವಿಷಲ್ ಕೂಗುವುದರೊಳಗೆ! ಅಂಚು ಉಬ್ಬಿ, ಮೇಲೆ ಕಪ್ಪು ಚುಕ್ಕೆ. ಈ ಕೈಕೆಲಸವನ್ನು 2017ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿಸಿದರು. ಸೇರಿಸಲೇಬೇಕಿತ್ತು.

ನಾನು ಜಂಬದಿಂದ ಕೇಳಿದೆ: "ಬಿರ್ರಾ ಅರ್ತಿಜಾನಾಲೆ?" ಒಂದು ವಾರದಲ್ಲಿ ಪಂಡಿತ ಆಗಿದ್ದೆನಲ್ಲ. ಆತ ನನ್ನ ಮುಖವನ್ನೂ ನೋಡದೆ "ಪೆರೋನಿ, ಕೋಕಾಕೋಲಾ, ಆಕ್ವಾ" ಅಂದ. ಪೆರೋನಿ ತೊಗೊಂಡೆ. 1846ರಿಂದ ಇರುವ ಬಿಯರ್, ಈಗ ಮಾಲೀಕರು ಜಪಾನಿನ ಅಸಾಹಿಯವರು. ಕಾನೂನಿನ ಪ್ರಕಾರ ಅರ್ತಿಜಾನಾಲೆ ಖಂಡಿತ ಅಲ್ಲ. ತಣ್ಣಗಿನ ಬಾಟಲಿ, ಪ್ಲಾಸ್ಟಿಕ್ ಲೋಟ.

ಏನು ಹೇಳಲಿ. ಬೆಳ್ಳುಳ್ಳಿ ಘಾಟು, ಸುಟ್ಟ ಅಂಚಿನ ಕಹಿ, ಬಿಸಿ ಟೊಮೆಟೊ, ಮೇಲೆ ಆ ಸಾದಾ ಬಿಯರ್. ತಿಪೊಪಿಲ್ಸ್ ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಅಂತ ನಾಲಿಗೆಗೆ ಗೊತ್ತಿತ್ತು, ಆದರೆ ಕೈ ಲೋಟ ಕೆಳಗಿಡಲಿಲ್ಲ. ಹೆಂಡತಿ ಇಡೀ ಪಿಜ್ಜಾ ಮುಗಿಸಿದಳು. ಮೈಮರೆತು ಕೈಯಲ್ಲೇ ತಿಂದಳು. ಚಾಕು, ಫೋರ್ಕು ಹಿಡಿದಿದ್ದ ಪಕ್ಕದ ಮೇಜಿನ ಅಜ್ಜಿ ನೋಡಿ ತಲೆಯಾಡಿಸಿತು, ಮೆಚ್ಚಿಗೆಯಲ್ಲೋ ಮರುಕದಲ್ಲೋ. ಬಿಲ್ ಬಂತು. ಕೊಪೆರ್ತೊ ಇತ್ತು. ಈ ಸಲ ಜಗಳ ಆಡಲಿಲ್ಲ.

ಡಬ್ಬಿಯನ್ನು ಎರಡು ಪಂಚೆಯಲ್ಲಿ ಸುತ್ತಿ ಬೆಂಗಳೂರಿಗೆ ತಂದೆ. ಒಡೆಯಲಿಲ್ಲ. ಈಗ ಶೋಕೇಸಿನಲ್ಲಿದೆ, ಚನ್ನಪಟ್ಟಣದ ಗೊಂಬೆಗಳ ಹಿಂದೆ. ದೀಪಾವಳಿಗೆ ತಂಗಿ ಬಂದಿದ್ದಳು. "ಇದೇನಣ್ಣ, ಇಷ್ಟುದ್ದ ಡಬ್ಬಿ?" ಅಂದಳು. ನಾನು ಉತ್ತರ ಹುಡುಕುವುದರೊಳಗೆ ಅಡುಗೆಮನೆಯಿಂದ ಹೆಂಡತಿ ದನಿ ಬಂತು: "ನಿನ್ ಮಗ ಕೊಟ್ಟಿದ್ದು ಕಣೆ. ಎಂಥದ್ದೋ ಹಳೇ ಬಿಯರಂತೆ. ಅವನು ಬಂದ್ಮೇಲೆ ತೆಗೀತಾರಂತೆ ನಿಮ್ಮಣ್ಣ. ಎರಡು ಗ್ಲಾಸ್ ತೊಳೆದು ಇಟ್ಟಿದೀನಿ."

ತಂಗಿ ಡಬ್ಬಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಎರಡನೇ ಗ್ಲಾಸ್ ಯಾರಿಗೆ ಅತ್ತಿಗೆ?"